ಉಳಿತಾಯದ ಬೆಲೆ ತೆರುವವರು ಯಾರು?

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಒಬ್ಬ ಉದ್ಯಮಿಯ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಅವರ ಆಸ್ತಿ ಎಷ್ಟೆಂಬುದು ನನಗೆ ಸುಮಾರಾಗಿ ಗೊತ್ತು. ಮೂರು ತಲೆಮಾರು ಕೂತು ಉಂಡರೂ ಕರಗುವಂಥದ್ದಲ್ಲ. ಆದರೂ ಅವರು ಅಂಚೆಯಲ್ಲಿ ಬಂದ ಲಕೋಟೆಗಳನ್ನು ಬಿಡಿಸಿ ಒಳಬದಿಯಲ್ಲಿ ಲೆಕ್ಕ ಬರೆಯುತ್ತಾರೆ, ಯಾರೂ ಇಲ್ಲದ ಕೋಣೆಯ ದೀಪ ಆರಿಸಲು ಎದ್ದು ಹೋಗುತ್ತಾರೆ, ಹದಿನೈದು ವರ್ಷ ಹಳೆಯ ಕಾರಿನಲ್ಲೇ ಓಡಾಡುತ್ತಾರೆ. ಕಳೆದ ವರ್ಷ ಒಂದು ಆಸ್ಪತ್ರೆಗೆ ದೊಡ್ಡ ಮೊತ್ತದ ದೇಣಿಗೆ ಕೊಟ್ಟರು, ಹೆಸರು ಹಾಕಬಾರದೆಂದೂ ಹೇಳಿದರು. ಅದೇ ವರ್ಷ ನಮ್ಮ ಸಂಬಳದ ಹೆಚ್ಚಳವನ್ನು ಎರಡನೆಯ ಸಲ ಮುಂದೂಡಿದರು. ಇದು ಗುಣವೋ ಕಾಯಿಲೆಯೋ? ಅವರ ಸಿರಿತನದ ಗುಟ್ಟು ಇದೇ ಏನು? ನಾನೂ ಹೀಗೆಯೇ ಬದುಕಿದರೆ ಮುಂದೆ ಬರುತ್ತೇನೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೇಳಿರುವುದು ಮೂರು ಪ್ರಶ್ನೆ, ನನಗೆ ಕಂಡದ್ದು ನಾಲ್ಕು. ಸಂಬಳದ ಮಾತನ್ನು ದೇಣಿಗೆಯ ಮಾತಿನ ಬೆನ್ನಿಗೇ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ. ಲಕೋಟೆ, ದೀಪ, ಕಾರುಗಳಿಗಿಂತ ಆ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ನಡೆದದ್ದೇ ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಎಂದು ನನಗನ್ನಿಸುತ್ತದೆ. ಕೇಳಿದ ಮೂರಕ್ಕೆ ಮೊದಲು ಉತ್ತರ ಹೇಳಿ, ಕೇಳದೆ ಬಿಟ್ಟದ್ದಕ್ಕೆ ಆಮೇಲೆ ಬರುತ್ತೇನೆ.

ಗುಣವೋ ಕಾಯಿಲೆಯೋ ಎಂಬುದನ್ನು ಹೊರಗಿನ ನಡವಳಿಕೆ ನೋಡಿ ಹೇಳಲಾಗುವುದಿಲ್ಲ. ಕೈ ಹಿಡಿತದವರು ಎಂದು ಮೆಚ್ಚಿಕೊಳ್ಳುವವರನ್ನೂ, ಎಂಜಲ ಕೈಯಲ್ಲಿ ಕಾಗೆ ಓಡಿಸದವರು ಎಂದು ಹಳಿಯುವವರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರೂ ದೀಪ ಆರಿಸುತ್ತಾರೆ, ಇಬ್ಬರೂ ಹಳೆಯ ಅಂಗಿ ತೊಡುತ್ತಾರೆ. ವ್ಯತ್ಯಾಸವಿರುವುದು ಆ ಕ್ಷಣದಲ್ಲಿ ಅವರ ಮನಸ್ಸಿನೊಳಗೆ ನಡೆಯುವುದರಲ್ಲಿ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ಮೂವರು ಸಂಶೋಧಕರು 13,000ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಹಣ ಕೈಬಿಡುವಾಗ ಎಲ್ಲರಿಗೂ ಸ್ವಲ್ಪ ನೋವಾಗುತ್ತದೆ. ಅಳತೆ ಮೀರಿದ ಖರ್ಚಿಗೆ ಅದೇ ಕಡಿವಾಣ. ಕೆಲವರಲ್ಲಿ ಈ ನೋವು ಅತಿಯಾಗಿರುತ್ತದೆ. ತಮಗೆ ಬೇಕಾದದ್ದು, ಕೊಳ್ಳುವ ಶಕ್ತಿಯೂ ಇರುವಂಥದ್ದು ಎದುರಿಗಿದ್ದರೂ ಅವರ ಕೈ ಏಳುವುದಿಲ್ಲ, ಕೊಳ್ಳದೆ ಮನೆಗೆ ಬಂದ ಮೇಲೆ ಕೊಳ್ಳಬೇಕಿತ್ತೆಂದು ಅವರೇ ಕೊರಗುತ್ತಾರೆ. ಮಿತವ್ಯಯದವರ ಕಥೆಯೇ ಬೇರೆ. ಅವರಿಗೆ ಖರ್ಚಿನಲ್ಲಿ ವಿಶೇಷ ನೋವೇನೂ ಇಲ್ಲ, ಉಳಿಸುವುದರಲ್ಲಿ ಸುಖವಿದೆ. ಒಬ್ಬರನ್ನು ನಡೆಸುವುದು ನೋವು, ಇನ್ನೊಬ್ಬರನ್ನು ನಡೆಸುವುದು ಸಂತೋಷ. ಖರ್ಚು ಮಾಡಿ ಪರಿತಪಿಸುವವರಿಗಿಂತ ಖರ್ಚು ಮಾಡಲಾಗದೆ ಪರಿತಪಿಸುವವರ ಸಂಖ್ಯೆಯೇ ಹೆಚ್ಚು ಎಂಬುದು ಆ ಅಧ್ಯಯನದ ಇನ್ನೊಂದು ಫಲಿತ. ದುಂದುವೆಚ್ಚದ ವಿರುದ್ಧ ಮಾತ್ರ ಉಪದೇಶ ಕೇಳಿ ಬೆಳೆದ ನಮಗೆ ಇದು ಅನಿರೀಕ್ಷಿತ.

ಕುಟುಂಬಗಳಿಗೆ ಹಣಕಾಸಿನ ಸಲಹೆ ನೀಡುವ ಕೆಲಸದಲ್ಲಿ ನಾನು ಇಪ್ಪತ್ತನಾಲ್ಕು ವರ್ಷ ಕಳೆದಿದ್ದೇನೆ. ಈ ಎರಡೂ ಬಗೆಯ ಶ್ರೀಮಂತರ ಎದುರು ಕೂತು ಮಾತನಾಡಿದ್ದೇನೆ. ಒಬ್ಬ ಹಿರಿಯ ಮಹಿಳೆ ನನ್ನ ಬಳಿಗೆ ಬಂದಾಗ ಒಂದು ಬಟ್ಟೆಚೀಲದ ತುಂಬ ಠೇವಣಿ ರಸೀದಿಗಳನ್ನು ತಂದಿದ್ದರು. ಅವಧಿ ಮುಗಿಯುವ ದಿನಾಂಕದ ಪ್ರಕಾರ ಜೋಡಿಸಿ, ವರ್ಷಕ್ಕೊಂದರಂತೆ ದಾರ ಕಟ್ಟಿದ್ದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಎರಡು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಅವರು ರಸೀದಿಗಳ ಮೇಲಿನ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಚಿಕಿತ್ಸೆಯ ಖರ್ಚು ಅವರಿಗೆ ಮೂರು ತಿಂಗಳಲ್ಲಿ ಬರುವ ಬಡ್ಡಿಗಿಂತ ಕಡಿಮೆಯಿತ್ತು. ಯಾವುದಾದರೂ ಒಂದು ಠೇವಣಿಯನ್ನು ಮುರಿಯೋಣ ಎಂದೆ. ಒಂದನ್ನು ಹೊರಗೆ ತೆಗೆದರು, ಭೂತಗನ್ನಡಿಯಲ್ಲಿ ನೋಡಿದರು, "ಇದರ ಅವಧಿ ಇನ್ನೂ ಮುಗಿದಿಲ್ಲ" ಎಂದು ಹಿಂದಕ್ಕಿಟ್ಟರು. ಇನ್ನೊಂದನ್ನು ತೆಗೆದರು, ಅದಕ್ಕೂ ಅದೇ ಮಾತು. ಮೂರನೆಯದರ ಅವಧಿ ಮುಗಿದಿತ್ತು. ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು, ಮತ್ತೆ ಠೇವಣಿ ಇಡಲು ಇವತ್ತಿನ ಬಡ್ಡಿದರ ಎಷ್ಟೆಂದು ಕೇಳಿದರು. ಆ ಗಳಿಗೆಯಲ್ಲಿ ಅವರ ಮುಖದಲ್ಲಿ ನಾನು ಕಂಡದ್ದು ದುರಾಸೆಯಲ್ಲ, ಭಯ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಎಲ್ಲವನ್ನೂ ಕಳೆದುಕೊಂಡ ಮನೆಯಿಂದ ಬಂದವರು ಅವರು. ಆ ದಿನಗಳು ಮುಗಿದು ಐವತ್ತು ವರ್ಷ ಕಳೆದಿದ್ದರೂ ಅವರ ಕೈಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ಇಂಥವರನ್ನು ಜಿಪುಣರೆಂದು ನಗೆಯಾಡುವುದು ನನಗೆ ಸರಿಯೆನಿಸುವುದಿಲ್ಲ. ಅವರಿಗೆ ಬೇಕಾಗಿರುವುದು ನೆರವು. ಅವರ ಚಿಕಿತ್ಸೆ ಕೊನೆಗೂ ನಡೆಯಿತು. ತಿಂಗಳ ಬಡ್ಡಿಯ ಒಂದು ಪಾಲು ತಾನಾಗಿಯೇ ಬೇರೆ ಖಾತೆಗೆ ಹೋಗುವಂತೆ ಮಾಡಿ, ಅದು ಕೂಡಿಡುವ ಹಣವಲ್ಲ, ಆರೋಗ್ಯದ ಹಣ ಎಂದು ಹೆಸರಿಟ್ಟ ಮೇಲೆ ಅವರಿಗೆ ಅದನ್ನು ಮುಟ್ಟಲು ಧೈರ್ಯ ಬಂತು.

ಇನ್ನು ಗುಟ್ಟಿನ ಪ್ರಶ್ನೆ. ಲಕೋಟೆಯ ಒಳಬದಿ ಬಳಸಿ ಯಾರೂ ದೊಡ್ಡ ಶ್ರೀಮಂತರಾಗಿಲ್ಲ. ಆದರೆ ಲಕೋಟೆಯನ್ನು ನೋಡುವ ಆ ಕಣ್ಣು ಬೇರೊಂದು ಕಡೆ ಕೆಲಸ ಮಾಡಿದಾಗ ಸಂಪತ್ತು ಹುಟ್ಟಿದ್ದುಂಟು. ಜಾನ್ ಡಿ. ರಾಕ್‌ಫೆಲರ್ 1855ರಲ್ಲಿ, ಹದಿನಾರು ವರ್ಷದ ಹುಡುಗನಾಗಿದ್ದಾಗ, ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಸಹಾಯಕನಾಗಿ ಸೇರಿದರು. ನಿಮ್ಮದೇ ಕಸುಬು. ಅಂದಿನಿಂದಲೇ ತನ್ನ ಸ್ವಂತ ಜಮಾಖರ್ಚಿಗೂ ಒಂದು ಪುಸ್ತಕ ಇಟ್ಟುಕೊಂಡು, ಗಳಿಸಿದ, ಖರ್ಚು ಮಾಡಿದ, ದಾನ ಮಾಡಿದ ಪ್ರತಿ ಸೆಂಟನ್ನೂ ಅದರಲ್ಲಿ ಬರೆದರು. ಆ ಪುಸ್ತಕವನ್ನು ಜೀವನದುದ್ದಕ್ಕೂ ಜೋಪಾನವಾಗಿ ಕಾಪಾಡಿದರು. ಮುಂದೆ ಅವರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಂದು ಘಟಕದಲ್ಲಿ ರಫ್ತಿನ ಸೀಮೆಎಣ್ಣೆ ಡಬ್ಬಗಳ ಮುಚ್ಚಳಕ್ಕೆ ಬೆಸುಗೆ ಹಾಕುವುದನ್ನು ಅವರು ನಿಂತು ನೋಡಿದರು. ಒಂದು ಡಬ್ಬಕ್ಕೆ ಎಷ್ಟು ಹನಿ ಬೆಸುಗೆ ಎಂದು ಕೇಳಿದಾಗ ನಲವತ್ತು ಎಂಬ ಉತ್ತರ ಬಂತು. ಮೂವತ್ತೆಂಟರಲ್ಲಿ ಮಾಡಿ ನೋಡಿ ಎಂದರು. ಮೂವತ್ತೆಂಟು ಹನಿಯ ಡಬ್ಬಗಳಲ್ಲಿ ಕೆಲವು ಸೋರಿದವು. ಮೂವತ್ತೊಂಬತ್ತರಲ್ಲಿ ಒಂದೂ ಸೋರಲಿಲ್ಲ. ಅಂದಿನಿಂದ ಎಲ್ಲ ಘಟಕಗಳಲ್ಲೂ ಮೂವತ್ತೊಂಬತ್ತೇ ನಿಯಮವಾಯಿತು. ಮೊದಲ ವರ್ಷ ಆ ಒಂದು ಹನಿಯಿಂದ ಉಳಿದದ್ದು 2,500 ಡಾಲರ್ ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ರಫ್ತು ಬೆಳೆದಂತೆ ಆ ಉಳಿತಾಯ ಲಕ್ಷಗಟ್ಟಲೆ ಡಾಲರ್‌ಗೆ ಏರಿತು.

ಈ ಪ್ರಸಂಗವನ್ನು ನಾನು ಹಲವು ಬಾರಿ ಯೋಚಿಸಿದ್ದೇನೆ. ತನ್ನ ಮನೆಯಲ್ಲಿ ಒಂದು ಹನಿ ಬೆಸುಗೆ ಉಳಿಸಿದವನಿಗೆ ಉಳಿಯುವುದು ಒಂದು ಹನಿ ಮಾತ್ರ. ಕೋಟಿಗಟ್ಟಲೆ ಡಬ್ಬಗಳನ್ನು ತಯಾರಿಸುವವನು ಅದೇ ಹನಿ ಉಳಿಸಿದರೆ ಡಬ್ಬಗಳ ಲೆಕ್ಕದಲ್ಲಿ ಅದು ಗುಣಿಸುತ್ತ ಹೋಗುತ್ತದೆ. ಸ್ವೀಡನ್ನಿನ ಪೀಠೋಪಕರಣ ಕಂಪನಿ ಐಕಿಯಾ ಸ್ಥಾಪಿಸಿದ ಇಂಗ್ವಾರ್ ಕಾಂಪ್ರಾಡ್ ವಿಮಾನದಲ್ಲಿ ಅಗ್ಗದ ಆಸನದಲ್ಲಿ ಕೂರುತ್ತಿದ್ದುದು, ವರ್ಷಾನುಗಟ್ಟಲೆ ಒಂದೇ ಹಳೆಯ ವೋಲ್ವೋ ಓಡಿಸಿದ್ದು, ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ದೇಶದ ಅತಿ ಶ್ರೀಮಂತನೆನಿಸಿದ ಮೇಲೂ ಹಳೆಯ ಪಿಕಪ್ ಬಿಡದೆ ಇದ್ದದ್ದು, ಇವನ್ನೆಲ್ಲ ಈ ಬೆಳಕಿನಲ್ಲಿ ನೋಡಬೇಕು. ಆ ಟಿಕೆಟ್ಟಿನಲ್ಲಿ ಉಳಿದ ಹಣ ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಕಡಿಮೆ ಬೆಲೆಗೆ ಮಾರುವುದೇ ವ್ಯಾಪಾರದ ಜೀವಾಳವಾಗಿರುವ ಕಂಪನಿಯಲ್ಲಿ ಯಜಮಾನ ಹೇಗೆ ಓಡಾಡುತ್ತಾನೆಂಬುದನ್ನು ಸಾವಿರಾರು ನೌಕರರು ನೋಡುತ್ತಿರುತ್ತಾರೆ, ಮತ್ತು ಅವರೆಲ್ಲರ ಕೈಯೂ ಅದನ್ನು ನೋಡಿ ಹಿಡಿತಕ್ಕೆ ಬರುತ್ತದೆ. ಅಂದರೆ ಅದು ಸ್ವಂತ ಬದುಕಿನ ಸರಳತೆಯೂ ಹೌದು, ವ್ಯಾಪಾರದ ಶಿಸ್ತೂ ಹೌದು. ತೆರಿಗೆಯ ಭಾರ ತಪ್ಪಿಸಿಕೊಳ್ಳಲು ಕಾಂಪ್ರಾಡ್ ಹಲವು ದಶಕ ತಾಯ್ನಾಡಿನ ಹೊರಗೆ ನೆಲೆಸಿದ್ದರು ಎಂಬುದನ್ನೂ ಇದರ ಜೊತೆಗೇ ನೆನಪಿನಲ್ಲಿಟ್ಟುಕೊಳ್ಳಬೇಕು. ಉಳಿತಾಯದ ಮಾತು ಬಂದಾಗ ಸಾಮಾನ್ಯವಾಗಿ ವಿಮಾನದ ಆಸನದ ಕಥೆಯನ್ನಷ್ಟೇ ಹೇಳಲಾಗುತ್ತದೆ.

ಕೈ ಹಿಡಿತ ಸಂಪತ್ತಿಗೆ ನಿಜವಾಗಿ ನೆರವಾಗುವ ಇನ್ನೊಂದು ದಾರಿ ಚಕ್ರಬಡ್ಡಿಯದು. ವರ್ಷಕ್ಕೆ ಶೇ. 10ರಂತೆ ಬೆಳೆಯುವ ಒಂದು ರೂಪಾಯಿ 30 ವರ್ಷಕ್ಕೆ ಸುಮಾರು 17 ರೂಪಾಯಿ, 50 ವರ್ಷಕ್ಕೆ ಸುಮಾರು 117, 60 ವರ್ಷಕ್ಕೆ ಸುಮಾರು 304 ರೂಪಾಯಿ ಆಗುತ್ತದೆ. ಕೊನೆಯ ಹತ್ತು ವರ್ಷಗಳಲ್ಲಿ ಸೇರಿದ್ದು ಅದಕ್ಕೆ ಹಿಂದಿನ ಐವತ್ತು ವರ್ಷಗಳಲ್ಲಿ ಸೇರಿದ್ದಕ್ಕಿಂತ ಹೆಚ್ಚು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಹನ್ನೊಂದನೆಯ ವಯಸ್ಸಿನಲ್ಲಿ ಮೊದಲ ಷೇರು ಕೊಂಡರು. 1958ರಲ್ಲಿ 31,500 ಡಾಲರಿಗೆ ಕೊಂಡ ಒಮಾಹಾ ನಗರದ ಮನೆಯಲ್ಲಿಯೇ ಮುಂದೆಯೂ ವಾಸವಾಗಿದ್ದರು. ಅವರಿಗೆ ಮನೆ ಬದಲಿಸದೆ ಉಳಿದ ಹಣ ಮುಖ್ಯವಲ್ಲ, ಬೆಳೆಯುತ್ತಿದ್ದ ಮೊತ್ತವನ್ನು ನಡುವೆ ಕದಡದೆ ಬಿಟ್ಟದ್ದು ಮುಖ್ಯ. ಅವರ ಸಂಪತ್ತಿನ ಬಹುದೊಡ್ಡ ಪಾಲು ಸೇರಿದ್ದು ಅರವತ್ತು ದಾಟಿದ ಮೇಲೆ. ಹಾಗೆಂದು ಬಫೆಟ್ ಎಲ್ಲದರಲ್ಲೂ ಮುಷ್ಟಿ ಬಿಗಿಹಿಡಿದವರೇನಲ್ಲ. ಕಂಪನಿಗಳ ಖಾಸಗಿ ವಿಮಾನಗಳನ್ನು ಬಹಳ ಕಾಲ ಟೀಕಿಸಿ, 1980ರ ದಶಕದಲ್ಲಿ ತಮ್ಮ ಕಂಪನಿಗೇ ಒಂದನ್ನು ಕೊಂಡು, ಅದಕ್ಕೆ ಸಮರ್ಥಿಸಲಾಗದ್ದು ಎಂಬ ಅರ್ಥದ ಹೆಸರನ್ನೇ ಇಟ್ಟರು. ಕೆಲವು ವರ್ಷ ಹಾರಾಡಿದ ಮೇಲೆ ಆ ಹೆಸರನ್ನು ಬಿಟ್ಟುಕೊಡಲಾಗದ್ದು ಎಂಬ ಅರ್ಥಕ್ಕೆ ಬದಲಿಸಿದರು. ತನಗೆ ಯಾವುದು ಸುಖ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂದು ಬಲ್ಲವರ ಮಿತವ್ಯಯ ಹೀಗಿರುತ್ತದೆ. ಮನೆ ದೊಡ್ಡದಾದರೆ ತಾನು ಸುಖವಾಗಿರುವುದಿಲ್ಲ ಎಂದು ಅವರಿಗೆ ಗೊತ್ತು, ವಿಮಾನದಿಂದ ಸಮಯ ಉಳಿಯುತ್ತದೆ ಎಂದೂ ಗೊತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಶ್ರೀಮಂತರ ಸರಳತೆಯ ಕಥೆಗಳನ್ನೇ ಓದಿ ಸರಳತೆಯಿಂದ ಸಂಪತ್ತು ಬರುತ್ತದೆ ಎಂದು ತೀರ್ಮಾನಿಸುವುದು ತಪ್ಪು ಲೆಕ್ಕ. 1990ರ ದಶಕದಲ್ಲಿ ಥಾಮಸ್ ಸ್ಟ್ಯಾನ್ಲಿ ಮತ್ತು ವಿಲಿಯಂ ಡ್ಯಾಂಕೊ ಅಮೆರಿಕದ ಸಿರಿವಂತರನ್ನು ಸಂದರ್ಶಿಸಿ, ಅವರಲ್ಲಿ ಬಹಳ ಮಂದಿ ಸಾಮಾನ್ಯ ಬಡಾವಣೆಗಳಲ್ಲಿ ಸಾಮಾನ್ಯ ಕಾರುಗಳೊಂದಿಗೆ ಬದುಕುತ್ತಿದ್ದಾರೆಂದು ತೋರಿಸಿದರು. ಅದು ಸತ್ಯವೇ. ಆದರೆ ಅಷ್ಟೇ ಮಿತವಾಗಿ ಬದುಕಿ, ಗಳಿಕೆ ಕಡಿಮೆಯಿದ್ದುದರಿಂದಲೋ ಕಾಯಿಲೆ ಬಂದುದರಿಂದಲೋ ಹೂಡಿದ ವ್ಯಾಪಾರ ಮುಳುಗಿದ್ದರಿಂದಲೋ ಎಂದೂ ಸಿರಿವಂತರಾಗದೆ ಉಳಿದವರನ್ನು ಯಾರೂ ಸಂದರ್ಶಿಸಲು ಹೋಗುವುದಿಲ್ಲ. ನಿಮ್ಮ ಕಚೇರಿಯಲ್ಲಿಯೇ ನಿಮ್ಮ ಯಜಮಾನರಷ್ಟೇ ಕೈ ಹಿಡಿತದಿಂದ ಬದುಕುವ ಸಹೋದ್ಯೋಗಿಗಳು ಇದ್ದಾರು. ಅವರ ಮಿತವ್ಯಯಕ್ಕೆ ಅಗತ್ಯ ಎಂದು ಹೆಸರು, ಯಜಮಾನರದ್ದಕ್ಕೆ ಆದರ್ಶ ಎಂದು ಹೆಸರು. ಈ ಹೆಸರಿನ ವ್ಯತ್ಯಾಸ ನನ್ನನ್ನು ಯಾವಾಗಲೂ ಕಾಡಿದೆ. ಸವೆದ ಅಂಗಿ ತೊಟ್ಟ ಸಿರಿವಂತರನ್ನು ಲೋಕ ಸರಳ ಜೀವಿ ಎನ್ನುತ್ತದೆ, ಅದೇ ಅಂಗಿ ತೊಟ್ಟ ಬಡವರನ್ನು ಬಾಗಿಲಲ್ಲೇ ತಡೆಯುತ್ತದೆ. ಸಿರಿಯನ್ನು ಪ್ರದರ್ಶಿಸಿ ಅಂತಸ್ತು ಸಾಧಿಸುವ ಜನರ ಬಗ್ಗೆ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲನ್ 1899ರಲ್ಲಿ ಬರೆದರು. ಪ್ರದರ್ಶಿಸದೆಯೂ ಅಂತಸ್ತು ಉಳಿಯುವ ಒಂದು ಎತ್ತರ ಅದಕ್ಕೂ ಮೇಲಿದೆ, ಅಲ್ಲಿಗೆ ತಲುಪಿದವರಿಗೆ ಹಳೆಯ ಕಾರು ಯಾವ ನಷ್ಟವನ್ನೂ ಉಂಟುಮಾಡುವುದಿಲ್ಲ.

ಈಗ ನಾನು ಮುಖ್ಯವೆಂದು ನಂಬಿರುವ ಮಾತಿಗೆ ಬರುತ್ತೇನೆ. ಶ್ರೀಮಂತರ ಮಿತವ್ಯಯವನ್ನು ತೂಗಬೇಕಾದರೆ ಎಷ್ಟು ಉಳಿಯಿತು ಎಂದು ಕೇಳಿ ಪ್ರಯೋಜನವಿಲ್ಲ. ಆ ಉಳಿತಾಯದ ಬೆಲೆಯನ್ನು ತೆತ್ತವರು ಯಾರು ಎಂದು ಕೇಳಬೇಕು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಎಲ್ವೆಸ್ ಎಂಬ ಪಾರ್ಲಿಮೆಂಟ್ ಸದಸ್ಯರಿದ್ದರು. 1789ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ಆಸ್ತಿ ಲಕ್ಷಗಟ್ಟಲೆ ಪೌಂಡುಗಳದ್ದು. ಮೈಮೇಲೆ ಹರಿದ ಬಟ್ಟೆ, ಸೋರುವ ಮಾಡು, ಕುದುರೆಯ ಮೇಲೆ ಹೊರಟರೆ ಸುಂಕದ ಗೇಟು ತಪ್ಪಿಸಿ ಸುತ್ತುದಾರಿ: ಅವರ ಜಿಪುಣತನದ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಸ್ನೇಹಿತರು ಕೇಳಿದರೆ ದೊಡ್ಡ ಮೊತ್ತವನ್ನೇ ಸಾಲ ಕೊಟ್ಟು, ಹಿಂದಕ್ಕೆ ಕೇಳಲು ನಾಚಿಕೊಂಡು ಕಳೆದುಕೊಳ್ಳುತ್ತಿದ್ದವರೂ ಅವರೇ. ಎಲ್ವೆಸ್ ಉಳಿಸಿದ್ದರ ಬೆಲೆಯನ್ನು ಹೆಚ್ಚುಪಾಲು ಎಲ್ವೆಸ್ ಅವರೇ ತೆತ್ತರು. ನನ್ನ ಬಳಿಗೆ ಬಂದ ಆ ಹಿರಿಯ ಮಹಿಳೆಯೂ ಹಾಗೆಯೇ.

ಪಾಲ್ ಗೆಟ್ಟಿಯವರದು ಬೇರೆ. 1957ರಲ್ಲಿ ಅಮೆರಿಕದ ಅತಿ ಶ್ರೀಮಂತನೆಂದು ಹೆಸರಾದ ಈ ತೈಲೋದ್ಯಮಿ ಇಂಗ್ಲೆಂಡಿನ ತಮ್ಮ ಬಂಗಲೆಯಲ್ಲಿ ಅತಿಥಿಗಳಿಗೆಂದು ನಾಣ್ಯ ಹಾಕಿ ಮಾತನಾಡುವ ಫೋನ್ ಇಡಿಸಿದ್ದರು. ಬಂದುಹೋದವರೆಲ್ಲ ದೂರದೂರಿಗೆ ಕರೆ ಮಾಡಿ ಬಿಲ್ಲು ಏರಿಸುತ್ತಿದ್ದರು ಎಂಬುದು ಅವರ ಸಮರ್ಥನೆ, ಅದನ್ನು ಒಪ್ಪಬಹುದು. ಆದರೆ 1973ರಲ್ಲಿ ಅವರ ಹದಿನಾರು ವರ್ಷದ ಮೊಮ್ಮಗನನ್ನು ರೋಮ್‌ನಲ್ಲಿ ಅಪಹರಿಸಿ 1.7 ಕೋಟಿ ಡಾಲರ್ ಕೇಳಿದಾಗ ಅವರು ನಿರಾಕರಿಸಿದರು. ತಮಗೆ ಹದಿನಾಲ್ಕು ಮೊಮ್ಮಕ್ಕಳಿದ್ದಾರೆ, ಒಬ್ಬನಿಗೆ ಕೊಟ್ಟರೆ ಹದಿನಾಲ್ಕು ಮಂದಿಯೂ ಅಪಹರಣಕ್ಕೆ ಒಳಗಾಗುತ್ತಾರೆ ಎಂಬುದು ಅವರ ವಾದ. ತಿಂಗಳುಗಳು ಉರುಳಿ, ಹುಡುಗನ ಕಿವಿ ಕತ್ತರಿಸಿ ಪತ್ರಿಕೆಯೊಂದಕ್ಕೆ ಕಳಿಸಿದ ಮೇಲೆ ಚೌಕಾಸಿ ನಡೆದು ಮೊತ್ತ ಇಳಿಯಿತು. ಆಗಲೂ ತೆರಿಗೆ ವಿನಾಯಿತಿ ದೊರೆಯುವಷ್ಟು, ಅಂದರೆ ಸುಮಾರು 22 ಲಕ್ಷ ಡಾಲರ್ ಮಾತ್ರ ತಾವು ಕೊಟ್ಟು, ಉಳಿದದ್ದನ್ನು ಹುಡುಗನ ತಂದೆಗೆ, ಅಂದರೆ ಸ್ವಂತ ಮಗನಿಗೆ, ಶೇ. 4ರ ಬಡ್ಡಿಗೆ ಸಾಲವಾಗಿ ಕೊಟ್ಟರೆಂದು ಆ ಪ್ರಕರಣದ ವರದಿಗಳಲ್ಲಿ ದಾಖಲಾಗಿದೆ. ಅದೇ ಗೆಟ್ಟಿ 1976ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲನ್ನು ತಮ್ಮ ಕಲಾ ಸಂಗ್ರಹಾಲಯಕ್ಕೆ ಉಯಿಲು ಬರೆದಿದ್ದರು. ಅದು ಇಂದು ಜಗತ್ತಿನ ಅತಿ ಶ್ರೀಮಂತ ಕಲಾಸಂಸ್ಥೆಗಳಲ್ಲೊಂದು.

ದಾನವೂ ಬಿಗಿಮುಷ್ಟಿಯೂ ಒಂದೇ ಕೈಯಲ್ಲಿ ಹೇಗಿರುತ್ತವೆ ಎಂಬ ನಿಮ್ಮ ಕಳವಳ ಹೊಸದಲ್ಲ ಎಂದು ಇದರಿಂದ ತಿಳಿಯುತ್ತದೆ. ನಿಮ್ಮ ಸಂಗತಿಗೆ ಇನ್ನೂ ಹತ್ತಿರದ ಉದಾಹರಣೆ ಆ್ಯಂಡ್ರೂ ಕಾರ್ನೆಗಿ. ಬಡ ನೇಕಾರನ ಮಗನಾಗಿ ಹುಟ್ಟಿ ಉಕ್ಕಿನ ದೊರೆಯಾದ ಅವರು, ಸಿರಿವಂತನಾಗಿಯೇ ಸಾಯುವುದು ಅವಮಾನ ಎಂಬ ಅರ್ಥದ ಮಾತನ್ನು 1889ರಲ್ಲಿ ಬರೆದರು. ಬರೆದಂತೆಯೇ ನಡೆದುಕೊಂಡು ಸುಮಾರು 35 ಕೋಟಿ ಡಾಲರ್ ಕೊಟ್ಟುಬಿಟ್ಟರು. ಅವರ ಹಣದಿಂದ ಎದ್ದ ಗ್ರಂಥಾಲಯಗಳೇ 2,500ಕ್ಕೂ ಹೆಚ್ಚು. ಆ ಸಂಪತ್ತಿನ ಮೂಲದಲ್ಲಿ ಉತ್ಪಾದನಾ ವೆಚ್ಚದ ಮೇಲಿಟ್ಟ ಅಸಾಧಾರಣ ನಿಗಾ ಇತ್ತು, ಆ ವೆಚ್ಚದಲ್ಲಿ ಕಾರ್ಮಿಕರ ಕೂಲಿಯೂ ಸೇರಿತ್ತು. 1892ರಲ್ಲಿ ಅಮೆರಿಕದಲ್ಲಿದ್ದ ಅವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತವನ್ನು ಒಪ್ಪದ ಕಾರ್ಮಿಕರಿಗೆ ಬಾಗಿಲು ಮುಚ್ಚಲಾಯಿತು, ಖಾಸಗಿ ಕಾವಲು ಪಡೆಯನ್ನು ಕರೆಸಲಾಯಿತು, ಘರ್ಷಣೆಯಲ್ಲಿ ಎರಡೂ ಕಡೆ ಜೀವಗಳು ಹೋದವು, ಕಾರ್ಮಿಕ ಸಂಘ ಮುರಿಯಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದರು. ಕಾರ್ಖಾನೆಯ ಹೊಣೆ ಪಾಲುದಾರ ಹೆನ್ರಿ ಫ್ರಿಕ್ ಅವರದಾಗಿತ್ತು. ಆರು ವರ್ಷಗಳ ನಂತರ, 1898ರಲ್ಲಿ, ಅದೇ ಹೋಮ್‌ಸ್ಟೆಡ್‌ನ ಜನರಿಗಾಗಿ ಕಾರ್ನೆಗಿ ಗ್ರಂಥಾಲಯ ತೆರೆಯಿತು. ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ನಿಂತು ಬಂದವರು ಅಲ್ಲಿ ಕೂತು ಓದುವುದು ಯಾವಾಗ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಆ ಗ್ರಂಥಾಲಯಗಳು ಅಸಂಖ್ಯಾತ ಮಕ್ಕಳಿಗೆ ಓದು ಕೊಟ್ಟವು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಕೂಲಿಯಲ್ಲಿ ಹಿಡಿದದ್ದನ್ನು ದಾನದಲ್ಲಿ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಕೂಲಿ ದುಡಿದವರಿಗೆ ಸಲ್ಲಬೇಕಾದದ್ದು. ಅದನ್ನು ಎಲ್ಲಿ ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಹಕ್ಕೂ ಅವರದೇ. ದಾನದಲ್ಲಿ ಆ ತೀರ್ಮಾನ ಕೊಡುವವರ ಕೈಯಲ್ಲಿರುತ್ತದೆ. ಸಂಬಳ ಹೆಚ್ಚಿಸಲು ಹಿಂದೆಮುಂದೆ ನೋಡುವ ಸಿರಿವಂತರು ದೇಣಿಗೆಗೆ ಚಕ್ಕನೆ ಒಪ್ಪುವುದೇಕೆ ಎಂದು ನಾನು ಹಲವರನ್ನು ನೇರವಾಗಿ ಕೇಳಿದ್ದೇನೆ. ಸಂಬಳ ಒಮ್ಮೆ ಏರಿದರೆ ಇಳಿಸಲಾಗದು, ದೇಣಿಗೆ ಒಂದೇ ಸಲದ್ದು ಎಂಬುದು ಅವರು ಕೊಡುವ ಕಾರಣ. ವ್ಯವಹಾರದ ದೃಷ್ಟಿಯಿಂದ ಅದರಲ್ಲಿ ಅರ್ಥವಿದೆ. ಒಂದು ಕಡೆ ಕೃತಜ್ಞತೆ ಸಿಗುತ್ತದೆ, ಇನ್ನೊಂದು ಕಡೆ ಕೊಟ್ಟದ್ದು ಹಕ್ಕಾಗಿಬಿಡುತ್ತದೆ ಎಂಬುದು ಅವರು ಬಾಯಿಬಿಟ್ಟು ಹೇಳದ ಕಾರಣ.

ಇದಕ್ಕೆ ಎದುರಾಗಿ ನಾನು ಬಹಳ ಗೌರವದಿಂದ ನೆನೆಯುವವರು ಚಕ್ ಫೀನಿ. ವಿಮಾನ ನಿಲ್ದಾಣಗಳ ಸುಂಕರಹಿತ ಅಂಗಡಿಗಳಲ್ಲಿ ಮದ್ಯ, ಸುಗಂಧದ್ರವ್ಯಗಳಂಥ ಭೋಗದ ಸಾಮಾನುಗಳನ್ನು ಮಾರಿ ಅಪಾರ ಹಣ ಗಳಿಸಿದ ಇವರು, ಮೊದಮೊದಲು ಸಿರಿವಂತರ ಬದುಕನ್ನೇ ಬದುಕಿ ನೋಡಿದರು. ಅದು ತಮಗೆ ಒಗ್ಗದು ಎಂದು ಕಂಡುಕೊಂಡು ಬಿಟ್ಟರು. 1982ರಲ್ಲಿ ಸ್ಥಾಪಿಸಿದ ದತ್ತಿಸಂಸ್ಥೆಗೆ 1984ರಲ್ಲಿ ತಮ್ಮ ವ್ಯಾಪಾರದ ಪಾಲನ್ನು ಗುಟ್ಟಾಗಿ ವರ್ಗಾಯಿಸಿದರು. ಆಮೇಲೂ ಹಲವು ವರ್ಷ ಅವರು ಮಹಾ ಶ್ರೀಮಂತರೆಂದೇ ಲೋಕ ಭಾವಿಸಿತ್ತು. ಕಂಪನಿಯ ಮಾರಾಟದ ಕಾರಣದಿಂದ 1997ರಲ್ಲಿ ವಿಷಯ ಹೊರಬಿತ್ತು. 800 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ವಿಶ್ವವಿದ್ಯಾಲಯ, ಆಸ್ಪತ್ರೆ, ಸಂಶೋಧನೆಗಳಿಗೆ ಕೊಟ್ಟು ಮುಗಿಸಿ 2020ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ತಮಗೆಂದು ಉಳಿಸಿಕೊಂಡದ್ದು ಬಾಡಿಗೆಯ ಒಂದು ಫ್ಲ್ಯಾಟು, ಕೈಯಲ್ಲೊಂದು ಅಗ್ಗದ ಪ್ಲಾಸ್ಟಿಕ್ ಗಡಿಯಾರ, ಮುಪ್ಪಿನ ಖರ್ಚಿಗೆ ಸಾಕಾಗುವಷ್ಟು ಹಣ. 2023ರಲ್ಲಿ ತೀರಿಕೊಂಡರು. ಫೀನಿಯವರ ಗಡಿಯಾರವೂ ನಿಮ್ಮ ಯಜಮಾನರ ಲಕೋಟೆಯೂ ನೋಡಲು ಒಂದೇ ಜಾತಿಯವು. ಆದರೆ ಕೂಡಿಡಬೇಕೆಂಬ ಹಂಬಲವೇ ಹೋದ ಮೇಲೆ ಉಳಿದ ಸರಳತೆ ಫೀನಿಯವರದು. ಸಂಪತ್ತಿಗೆ ದಾನ, ಭೋಗ, ನಾಶ ಎಂಬ ಮೂರೇ ಗತಿ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಭೋಗವನ್ನು ಒಮ್ಮೆ ರುಚಿ ನೋಡಿ, ದಾನವನ್ನು ಆರಿಸಿಕೊಂಡು, ನಾಶಕ್ಕೆ ಏನನ್ನೂ ಉಳಿಸದವರು ಅವರು.

ನಿಮ್ಮ ಯಜಮಾನರು ಇವರಲ್ಲಿ ಯಾರ ಸಾಲಿಗೆ ಸೇರುತ್ತಾರೆ? ನೀವು ಬರೆದಷ್ಟರಿಂದ ಹೇಳುವುದಾದರೆ, ದೀಪ, ಲಕೋಟೆ, ಕಾರುಗಳ ಬೆಲೆಯನ್ನು ಅವರೇ ತೆರುತ್ತಿದ್ದಾರೆ, ಆದ್ದರಿಂದ ಅವು ಅವರ ಸ್ವಂತ ವಿಷಯ. ಹೆಸರು ಬೇಡವೆಂದು ಕೊಟ್ಟ ದೇಣಿಗೆಯನ್ನು ನಾನು ನಿಜವಾಗಿ ಮೆಚ್ಚುತ್ತೇನೆ. ಮುಂದೂಡಿದ ಸಂಬಳದ ಬೆಲೆಯನ್ನು ಮಾತ್ರ ನೀವು ತೆರುತ್ತಿದ್ದೀರಿ. ಒಬ್ಬರಲ್ಲೇ ಮೆಚ್ಚತಕ್ಕದ್ದೂ ಒಪ್ಪಲಾಗದ್ದೂ ಇರುವಾಗ, ಗೌರವ ಬೇಸರಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ನಿಮ್ಮನ್ನು ನೀವು ಒತ್ತಾಯಿಸಿಕೊಳ್ಳಬೇಡಿ.

ನೀವೂ ಹೀಗೆಯೇ ಬದುಕಿದರೆ ಮುಂದೆ ಬರುತ್ತೀರಾ ಎಂದು ಕೇಳಿದ್ದೀರಿ. ಸ್ವಲ್ಪ ಅಂಕಗಣಿತ ಮಾಡೋಣ. ಆದಾಯದ ಹತ್ತರಲ್ಲಿ ಒಂದು ಪಾಲನ್ನು ಉಳಿಸುವವರು ತಮ್ಮ ಒಂದು ವರ್ಷದ ಖರ್ಚಿಗಾಗುವಷ್ಟು ಕೂಡಿಡಲು, ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, 9 ವರ್ಷ ಬೇಕು. ನಾಲ್ಕರಲ್ಲಿ ಒಂದು ಪಾಲು ಉಳಿಸಿದರೆ 3 ವರ್ಷ, ಅರ್ಧ ಉಳಿಸಿದರೆ ಒಂದೇ ವರ್ಷ. ಮಿತವ್ಯಯ ನಿಮಗೆ ಕೊಡಬಲ್ಲದ್ದು ಇದನ್ನೇ: ಕೆಲಸ ಬಿಡಬೇಕಾಗಿ ಬಂದರೆ ಎದೆಗುಂದದೆ ಇರಲು ಬೇಕಾದ ವರ್ಷಗಳನ್ನು. ನಿಮ್ಮ ಯಜಮಾನರ ಮಟ್ಟದ ಸಂಪತ್ತು ಬರುವುದು ಉದ್ಯಮದ ಒಡೆತನದಿಂದ, ಬಹಳ ಕಾಲ ಬೆಳೆದ ಬಂಡವಾಳದಿಂದ, ಮತ್ತು ಸಾಕಷ್ಟು ಮಟ್ಟಿಗೆ ಅದೃಷ್ಟದಿಂದ. ಬಾಡಿಗೆ, ವಾಹನ, ಸಾಲದ ಬಡ್ಡಿ ಎಂಬ ಮೂರು ದೊಡ್ಡ ಬಾಬತ್ತುಗಳಲ್ಲಿ ವರ್ಷಕ್ಕೊಮ್ಮೆ ಕೂತು ಯೋಚಿಸಿದರೆ ಉಳಿಯುವುದು, ದಿನವೂ ಸಣ್ಣಪುಟ್ಟದ್ದಕ್ಕೆ ಮನಸ್ಸು ಸವೆಸಿ ಉಳಿಸುವುದಕ್ಕಿಂತ ಹೆಚ್ಚು. ಆರೋಗ್ಯ, ಮಕ್ಕಳ ಓದು, ಹೆತ್ತವರ ಆರೈಕೆ ಇವುಗಳಲ್ಲಿ ಉಳಿಸಲು ಹೋಗಬೇಡಿ.

ಕೊನೆಯದಾಗಿ ಸಂಬಳ. ನಿಮ್ಮ ಯಜಮಾನರು ಲಕೋಟೆಯ ಒಳಬದಿಯಲ್ಲೂ ಲೆಕ್ಕ ಬರೆಯುವವರು, ಅಂದರೆ ಅಂಕಿಗಳ ಮಾತು ಕೇಳುವವರು. ಅವರ ಒಳ್ಳೆಯತನವನ್ನಾಗಲಿ ಆಸ್ಪತ್ರೆಯ ದೇಣಿಗೆಯನ್ನಾಗಲಿ ಎತ್ತಬೇಡಿ. ಎತ್ತಿದರೆ ಮಾತು ನೋವಿನ ಕಡೆಗೆ ತಿರುಗುತ್ತದೆ. ಕಳೆದ ಎರಡು ವರ್ಷಗಳಲ್ಲಿ ಬೆಲೆಗಳು ಏರಿದ್ದರಿಂದ ನಿಮ್ಮ ಸಂಬಳದ ಕೊಳ್ಳುವ ಶಕ್ತಿ ಎಷ್ಟು ಕುಗ್ಗಿದೆ, ಅದೇ ಅವಧಿಯಲ್ಲಿ ನಿಮ್ಮ ವಿಭಾಗದ ಕೆಲಸ ಎಷ್ಟು ಹೆಚ್ಚಿದೆ, ಅನುಭವಸ್ಥರೊಬ್ಬರು ಬಿಟ್ಟುಹೋದರೆ ಹೊಸಬರನ್ನು ಹುಡುಕಿ ತರಬೇತಿ ಕೊಡಲು ಎಷ್ಟು ತಿಂಗಳು, ಎಷ್ಟು ಹಣ ಹಿಡಿಯುತ್ತದೆ ಎಂಬ ಮೂರು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ. ಸಾಧ್ಯವಾದರೆ ನಿಮ್ಮಂತೆಯೇ ಹೆಚ್ಚಳ ತಪ್ಪಿದ ಸಹೋದ್ಯೋಗಿಗಳ ಪರವಾಗಿಯೂ ಸೇರಿಸಿ ಕೇಳಿ. ನೋಡೋಣ ಎಂದರೆ ಯಾವ ತಿಂಗಳಿನಿಂದ ಎಂದು ವಿನಯದಿಂದಲೇ ವಿಚಾರಿಸಿ, ಅವರು ಹೇಳಿದ ತಿಂಗಳನ್ನು ಅದೇ ಪುಟದ ಕೆಳಗೆ ಅವರ ಎದುರಿನಲ್ಲೇ ಬರೆದುಕೊಂಡು, ಸಹಿಗಾಗಿ ಪುಟವನ್ನು ಅವರತ್ತ ತಿರುಗಿಸಿ.